ಗಾದೆಮ್ಮನ ಕೈ, ವಿರೂಪಾಕ್ಷಿಯ ಗೊಬ್ಬರ

ಕುರುಗೋಡಿನ ಗಾದೆಮ್ಮನಿಗೆ ಸಿಟ್ಟು ಬಂದರೆ ಅದು ಬೇಗ ಇಳಿಯುವಂಥದ್ದಲ್ಲ. ಒಮ್ಮೆ ಬಳ್ಳಾರಿ ಬಸ್ಸಿನ ಕಂಡಕ್ಟರೊಬ್ಬ ಅವಳ ಸಸಿ ಬುಟ್ಟಿಯನ್ನು ಕಾಲಿನಿಂದ ಸರಿಸಿದ. ಅಷ್ಟಕ್ಕೇ, ಆತ ಬೇರೆ ಕಡೆ ಹೋಗುವ ತನಕ, ಎರಡು ವರ್ಷ ಅವಳು ಆ ಬಸ್ಸು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಬಿಸಿಲಲ್ಲಿ ತಾಸುಗಟ್ಟಲೆ ಕಾಯುತ್ತಿದ್ದಳು, ಅವನ ಬಸ್ಸು ಎದುರಿಗೆ ಬಂದಾಗ ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಇಂಥವಳ ತಂಟೆಗೆ ಹೋದ ವಿರೂಪಾಕ್ಷಿಯ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಆ ಬಸವಣ್ಣನೇ ಬಲ್ಲ.

ಮನೆ ಹಿಂದಿನ ಇಪ್ಪತ್ತು ಸೆಂಟು ಹಿತ್ತಲಲ್ಲಿ ಟೊಮೆಟೊ, ಬದನೆ, ಮೆಣಸಿನ ಸಸಿ ಬೆಳೆಸಿ ಸಂತೆಯಲ್ಲಿ ಮಾರುವುದು ಅವಳ ಕಸುಬು. ಅದಕ್ಕಿಂತ ದೊಡ್ಡದು ಅವಳ ಕೈಗುಣದ ಹೆಸರು. ಮೆಣಸಿನ ಬೀಜವನ್ನು ಸಸಿ ಮಡಿಗೆ ಹಾಕುವಾಗ, ಕೈಗುಣ ಚೆನ್ನಾಗಿರುವವರನ್ನು ಕರೆಸಿ ಮೊದಲ ಹಿಡಿ ಹಾಕಿಸುವುದು ಇಲ್ಲಿಯ ರೂಢಿ. ಸಿರಿಗೇರಿಯಿಂದ, ಹಚ್ಚೊಳ್ಳಿಯಿಂದ ಜನ ಬೈಕು ತಂದು ಗಾದೆಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಹೋದಲ್ಲಿ ಕುಂಕುಮ, ಎಲೆ ಅಡಿಕೆ, ಒಂದು ಕುಪ್ಪಸದ ಖಣ. ಮಕ್ಕಳಿಲ್ಲದ ಹೆಂಗಸು ಅವಳು. "ನಾ ಹಾಕಿದ್ದು ಹುಟ್ಟೇ ಹುಟ್ಟತೈತಿ" ಎನ್ನುವ ಹೆಮ್ಮೆಯೊಂದೇ ಅವಳ ಆಸ್ತಿಯಾಗಿತ್ತು.

ಮೊಣಕಾಲು ನೋವೆಂದು ಹೋದ ವರ್ಷ ತನ್ನ ಎಮ್ಮೆ ಮಾರಿದಳು. ಗೊಬ್ಬರಕ್ಕೆಂದು ಮೊದಲ ಸಲ ಹೊರಗಿನವರ ಹತ್ತಿರ ಹೋದಳು. ಊರಂಚಿನಲ್ಲಿ ಇಪ್ಪತ್ತು ಎಮ್ಮೆ ಕಟ್ಟಿದ್ದ ವಿರೂಪಾಕ್ಷಿ ಒಂದು ಟ್ರ್ಯಾಕ್ಟರ್ ಸಗಣಿ ಗೊಬ್ಬರ ತಂದು ಸುರಿದ. ಬೀಜ ಮೊಳೆಯಿತು, ಎರಡೆಲೆಯೂ ಬಂತು. ಆಮೇಲೆ ಒಂದೊಂದೇ ಸಸಿ ಮುರುಟತೊಡಗಿತು. ಎಲೆ ಸುರುಳಿ ಸುತ್ತಿತು, ಕಾಂಡ ಹಗ್ಗದಂತೆ ಹೊಸೆದುಕೊಂಡಿತು. ಮುರುಟು ಕಾಣುವ ಮೊದಲೇ ಸಸಿ ಕೊಂಡೊಯ್ದಿದ್ದವರು ಬಂದು ಅಂಗಳದಲ್ಲಿ ನಿಂತು ಬೈದು ಹೋದರು.

ಗಾದೆಮ್ಮ ಹೋಗಿ ಕೇಳಿದಾಗ ವಿರೂಪಾಕ್ಷಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹತ್ತು ಮಂದಿ ನಡುವೆ ಕೂತಿದ್ದ.

"ಅದೇ ಗೊಬ್ಬರ ನನ್ನ ಜೋಳಕ್ಕೂ ಹಾಕೀನಿ, ಆಳೆತ್ತರ ನಿಂತೈತಿ ಹೋಗಿ ನೋಡು. ಗೊಬ್ಬರಕ್ಕೇನ್ ಆಗೇತಿ? ಗಾದೆಕ್ಕನ ಕೈಗುಣ ಕೆಟ್ಟೈತಿ, ಅಷ್ಟ" ಎಂದ.

ಎಲ್ಲರೂ ನಕ್ಕರು. ಆ ಮಾತು ಚಹಾ ಆರುವುದರೊಳಗೆ ಬಸ್ಸು ಹತ್ತಿತು. ಸಿರುಗುಪ್ಪ ಸಂತೆಯಲ್ಲಿ ಒಬ್ಬ ಹೆಂಗಸು ಸಸಿ ಕಟ್ಟನ್ನು ಕೈಗೆತ್ತಿಕೊಂಡು, ಇವಳ ಹೆಸರು ಕೇಳಿ, ಮೆಲ್ಲಗೆ ಕೆಳಗಿಟ್ಟಳು. ಮನೆ ಮುಂದೆ ಬೈಕು ನಿಲ್ಲುವುದೂ ನಿಂತುಹೋಯಿತು. ವಿರೂಪಾಕ್ಷಿ ಮಣ್ಣು ತಿನ್ನುವುದನ್ನು ಕಣ್ಣಾರೆ ನೋಡದೆ ಸಾಯುವುದಿಲ್ಲ ಎಂದುಕೊಂಡಳು ಗಾದೆಮ್ಮ.

ನಿಜ ಹೇಳಿದವನು ಹಚ್ಚೊಳ್ಳಿಯಲ್ಲಿದ್ದ ಅಕ್ಕನ ಮಗ ಹೊನ್ನೂರಸ್ವಾಮಿ. ಕೂಲಿಗೆ ಹೊಲಗಳಿಗೆ ಕಳೆನಾಶಕ ಔಷಧಿ ಹೊಡೆಯುವ ಕೆಲಸ ಅವನದು.

"ಚಿಗವ್ವಾ, ಆತನ ಬದುವಿಗೆ ಕಳಿ ಔಷಧಿ ಹೊಡದಾವ ನಾನ. ಅಗಲ ಎಲಿ ಕಳಿ ಸಾಯ್ತೈತಿ, ಹುಲ್ಲು ಉಳಿತೈತಿ. ಆ ಹುಲ್ಲನ್ನ ಕೊಯ್ದು ಎಮ್ಮಿಗೆ ಹಾಕ್ತಾನ. ಎಮ್ಮಿ ಆರಾಮ ಇರ್ತಾವ. ಆದ್ರ ಔಷಧಿ ಸಗಣ್ಯಾಗ ಹಂಗ ಉಳಿತೈತಿ. ಜೋಳಕ್ಕ ಏನೂ ಆಗಂಗಿಲ್ಲ, ಅದೂ ಹುಲ್ಲಿನ ಜಾತೀನ. ಮೆಣಸಿನಗಿಡ, ಟೊಮೆಟೊ ಮಾತ್ರ ಮುಗಿದ್ವು."

ಗಾದೆಮ್ಮ ಕಿವಿಮಾತು ನಂಬುವವಳಲ್ಲ. ಆರು ಹಳೇ ಡಬ್ಬಿ ತಂದು, ಮೂರರಲ್ಲಿ ಬರೀ ಮಣ್ಣು, ಮೂರರಲ್ಲಿ ಮಣ್ಣಿನ ಜೊತೆ ಆ ಗೊಬ್ಬರ ತುಂಬಿ, ಎಲ್ಲಕ್ಕೂ ಅಲಸಂದೆ ಕಾಳು ಊರಿದಳು. ಇಪ್ಪತ್ತು ದಿನಕ್ಕೆ ಮಣ್ಣಿನವು ಎಲೆ ಬಿಚ್ಚಿ ನಗುತ್ತಿದ್ದವು, ಗೊಬ್ಬರದವು ಮುದುಡಿ ಸೊಟ್ಟಗಾಗಿದ್ದವು. ಆರಕ್ಕೂ ಕಾಳು ಹಾಕಿದ್ದು ಅದೇ ಕೈ. ಅವತ್ತು ಅವಳಿಗೆ ಅಳು ಬಂತು. ಅತ್ತು ಮುಗಿದ ಮೇಲೆ ಡಬ್ಬಿಗಳನ್ನು ಹಿತ್ತಲಲ್ಲೇ ಬಿಟ್ಟು, ಬಾಯಿ ಹೊಲಿದುಕೊಂಡು ಕೂತಳು. ಈಗಲೇ ಹೇಳಿದರೆ ಆ ಬಾಯಿಬಡುಕ ಇನ್ನೊಂದು ಸುಳ್ಳು ಹೇಳಿ ನಗಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಮಳೆಗಾಲ ಶುರುವಾಯಿತು. ಜೋಳ, ಭತ್ತ ಬಿಟ್ಟು ಬೇರೇನೂ ಬೆಳೆಯದ ವಿರೂಪಾಕ್ಷಿ ಆ ವರ್ಷ ಮೆಣಸಿನಕಾಯಿ ಹಾಕಲು ಹೊರಟ. ಅವನ ಹೆಂಡತಿ ದೊಡ್ಡಬಸಮ್ಮ ತಾನೇ ಬಂದು ಗಾದೆಮ್ಮನ ಕೈ ಹಿಡಿದಳು.

"ಊರ ಮಂದಿ ಏನರ ಅನ್ಲಿ ಅಕ್ಕಾ, ಮೊದಲ ಹಿಡಿ ನೀನ ಹಾಕಬೇಕು. ನಮ್ಮನಿಯವ್ರ ಮಾತು ಮನಸ್ಸಿಗೆ ಹಚ್ಕೋಬ್ಯಾಡ."

ಹೋದಳು. ಮಡಿಯಲ್ಲಿ ಅದೇ ಗೊಬ್ಬರ ಗೇಣು ದಪ್ಪ ಬಿದ್ದಿತ್ತು. "ಬ್ಯಾಡವ್ವ, ತಗಸಿಬಿಡು" ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ವಿರೂಪಾಕ್ಷಿ ಆಳುಗಳ ಮುಂದೆ, "ಇಕಿನ್ನ ಯಾಕ ಕರದಿ?" ಎಂದು ಕಿಸಕ್ಕನೆ ನಕ್ಕ. ಮಾತು ಹೊಟ್ಟೆಗೆ ಹೋಯಿತು.

"ಖರೇ ಐತಿ ನಿನ್ನ ಗಂಡ ಅನ್ನೋದು" ಎಂದಳು ಗಾದೆಮ್ಮ, ಎಲ್ಲರಿಗೂ ಕೇಳುವಂತೆ. "ನನ್ನ ಕೈ ಕೆಟ್ಟೈತಿ. ಆತನ ಕೈ ಚಲೋ ಐತಿ, ಆತನ ಹಾಕ್ಲಿ."

ವಿರೂಪಾಕ್ಷಿ ಎದೆ ಉಬ್ಬಿಸಿಕೊಂಡು ಇಡೀ ಮಡಿಗೆ ತಾನೇ ಬೀಜ ಹಾಕಿದ. ತಿಂಗಳಾಗುವಷ್ಟರಲ್ಲಿ ಮಡಿಯಲ್ಲಿ ಒಂದೂ ನೆಟ್ಟಗಿನ ಸಸಿ ಉಳಿಯಲಿಲ್ಲ. ಅದೇ ಹೋಟೆಲಿನಲ್ಲಿ, ಅದೇ ಹತ್ತು ಮಂದಿ, "ಯಪ್ಪಾ, ವಿರೂಪಾಕ್ಷಿ ಕೈಲೆ ಬೀಜ ಮುಟ್ಟಿಸಬ್ಯಾಡ್ರೋ" ಎಂದು ನಕ್ಕರಂತೆ. ಸುದ್ದಿ ಕೇಳಿದ ದಿನ ಗಾದೆಮ್ಮ ಹೋಳಿಗೆ ಮಾಡಿ, ತುಪ್ಪ ಸುರಿದುಕೊಂಡು ಒಬ್ಬಳೇ ಕೂತು ನಾಲ್ಕು ತಿಂದಳು. ಅಂಥ ರುಚಿ ಜನ್ಮದಲ್ಲಿ ಕಂಡಿರಲಿಲ್ಲ ಎನ್ನುತ್ತಾಳೆ ಈಗಲೂ.

ವಾರಕ್ಕೆ ವಿರೂಪಾಕ್ಷಿ, ತನ್ನ ಸಸಿಗೆ ಏನಾಯಿತೆಂದು ಕೇಳಿಕೊಂಡು, ಅವಳ ಬಾಗಿಲಿಗೆ ಬಂದ. ಅವಳು ಹಿತ್ತಲಿಗೆ ಕರೆದೊಯ್ದು ಸಸಿ ಒಣಗಿದ ಡಬ್ಬಿ ತೋರಿಸಿ, ಔಷಧಿಯ ಕತೆಯನ್ನೆಲ್ಲ ಹೇಳಿದಳು.

"ಇದನ್ನ ನಾಕು ಮಂದಿಗೆ ಹೇಳಕ್ಕಾ, ತಪ್ಪು ನನ್ನ ಕೈದಲ್ಲ ಅಂತ" ಎಂದು ಅಂಗಲಾಚಿದ.

"ನಾ ಯಾಕ ಹೇಳ್ಲಿ? ನನ್ನ ಹೆಸರು ಎಲ್ಲಿ ಕಳದಿಯೋ ಅಲ್ಲೇ ನಿಂತು ನೀನ ಹೇಳು."

ಮರುದಿನ ಬೆಳಿಗ್ಗೆ ವಿರೂಪಾಕ್ಷಿ ಹೋಟೆಲಿನಲ್ಲಿ, ಗಾದೆಮ್ಮನ ಎದುರಿಗೇ ಎದ್ದು ನಿಂತು, ತಲೆ ತಗ್ಗಿಸಿ, "ಗಾದೆಕ್ಕನ ಕೈ ಕೆಟ್ಟಿಲ್ಲ, ನನ್ನ ಗೊಬ್ಬರ ಕೆಟ್ಟೈತಿ" ಎಂದ. "ಹಿಂದಿನವ್ರಿಗೆ ಕೇಳಿಸ್ಲಿಲ್ಲ" ಎಂದಳು ಗಾದೆಮ್ಮ. ಮತ್ತೆ ಹೇಳಿದ. "ಹೊರಗ ಬಸ್ಸಿನ್ಯಾಗ ಕುಂತವ್ರಿಗೆ?" ಮೂರನೇ ಸಲ ಕೂಗಿ ಹೇಳಿದ.

ಮತ್ತೆ ಬೈಕುಗಳು ಬಂದವು. ತಡವಾಗಿ ಬೀಜ ಹಾಕುವವರು ಇನ್ನೂ ಇದ್ದರು. ಯಾರ ತಿಪ್ಪೆಯ ಗೊಬ್ಬರವಾದರೂ ಮೊದಲು ಡಬ್ಬಿಯಲ್ಲಿ ಅಲಸಂದೆ ಹಾಕಿ ನೋಡಿ ಎಂದು ಗಾದೆಮ್ಮ ಹೋದಲ್ಲೆಲ್ಲ ಗದರಿಸಿ ಬರುತ್ತಿದ್ದಳು. ಒಂದು ಬೆಳಿಗ್ಗೆ, ಬೀಜ ಹಾಕಿಸಲು ಕರೆದೊಯ್ಯಬೇಕಿದ್ದ ಸಿರಿಗೇರಿಯ ಕರಿಬಸವನಿಗಾಗಿ ಸೀರೆ ಉಟ್ಟು ಕಾಯುತ್ತಿದ್ದಾಗ ದೊಡ್ಡಬಸಮ್ಮ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅವತ್ತ ಮಡಿ ಮುಂದ ನಿಂತಾಗ ನಿನಗ ಗೊತ್ತಿತ್ತೇನಕ್ಕಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತವ್ವ" ಎಂದಳು ಗಾದೆಮ್ಮ.

"ಅದು ನಮ್ಮವ್ವನ ಬೀಜ. ಆಕಿ ಸತ್ತಾಗಿಂದ ವರ್ಷಾ ವರ್ಷಾ ಎರಡು ಗಿಡ ಹಚ್ಚಿ ಉಳಿಸ್ಕೊಂಡು ಬಂದಿದ್ದೆ. ಈ ಸಲ ನಿನ್ನ ಕೈಲೆ ಹಾಕಸ್ತೀನಿ ಅಂತ ಒಂದು ಕಾಳೂ ಇಟ್ಕೊಳ್ಳಲಿಲ್ಲ."

ಬೈಯಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಗಾದೆಮ್ಮನಿಗೆ ಅವಳನ್ನು ಕೂಗಿ ಕರೆಯಬೇಕೆನಿಸಿತು; ಅಂಗಳದ ತುದಿತನಕ ಹೋಗಿ ನಿಂತಳು.

ಕರಿಬಸವ ಬೈಕು ನಿಲ್ಲಿಸಿ ಹಾರ್ನ್ ಹೊಡೆದ.

"ನಾ ಬರಂಗಿಲ್ಲಪ್ಪಾ" ಎಂದಳು ಗಾದೆಮ್ಮ. "ಬ್ಯಾರೇದವ್ರನ್ನ ಕರ್ಕೊಂಡು ಹೋಗು."