ಜಮಖಾನೆಯ ಕೆಳಗಿನ ಹಗ್ಗ

ಹಾಗಾದರೆ ನಾನು ಸುಳ್ಳುಗಾರ ಅಂತಲೇ ಇಟ್ಟುಕೊಳ್ಳಿ. ಕಣ್ಣಿಲ್ಲದ ಹೆಂಗಸೊಬ್ಬಳು ಎದೆಯೆತ್ತರದ ರಂಗದ ಮೇಲೆ ಯಾರ ಕೈಯನ್ನೂ ಹಿಡಿಯದೆ ನಾಟಕ ಮಾಡಿದಳು ಅಂದರೆ ತಲೆ ಅಲ್ಲಾಡಿಸುತ್ತೀರಿ. ಹೈದರಾಬಾದಿನ ಕೋಠಿ ಬಸ್ಸಿನಲ್ಲಿ ಒಂದು ಹೋತ ತಾನೇ ಕೇಳಿ ಟಿಕೆಟ್ ತಗೊಂಡಿತು ಅಂದಾಗ ಮಾತ್ರ ಬಾಯಿ ಬಿಟ್ಟುಕೊಂಡು ಕೇಳಿದಿರಿ! ಅದು ಸುಳ್ಳು ಮಹರಾಯರೆ, ಇದು ಖರೆ. ಇದನ್ನು ನೆನೆಸಿಕೊಂಡರೆ ಈಗಲೂ ನನ್ನ ಅಂಗಾಲು ತಣ್ಣಗಾಗುತ್ತದೆ.

ಅವಳ ಹೆಸರು ಶಿವದೇವಿ. ಶಹಾಪುರದ ಕಡೆಯವಳು. ಚಿಕ್ಕಂದಿನಲ್ಲಿ ದಡಾರ ಬಂದು ಕಣ್ಣು ಹೋದವು. ಗಂಡನ ಜೊತೆ ಹೈದರಾಬಾದಿಗೆ ಬಂದಳು. ಅವನು ಮಾದಾಪುರದಲ್ಲಿ ಆಗ ಏಳುತ್ತಿದ್ದ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದ. ಇವಳು ಆ ಕಟ್ಟಡಗಳೊಳಗೆ ಕಂಪ್ಯೂಟರ್ ಮುಂದೆ ಕೂರುವ ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ರೊಟ್ಟಿ ಎಷ್ಟು ತೆಳುವೆಂದರೆ, ಫ್ಯಾನ್ ಹಾಕಿದರೆ ನಮ್ಮ ತಟ್ಟೆಯಿಂದ ಎದ್ದು ಎದುರುಮನೆಯ ತೆಲುಗರ ಬೇಳೆಪಪ್ಪಿನ ಮೇಲೆ ಹೋಗಿ ಕೂರುತ್ತಿತ್ತು. ಸರಿ, ಇದನ್ನು ನಂಬಬೇಡಿ.

ಬೇಗಂಪೇಟೆಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ, ನಮ್ಮದೊಂದು ಕನ್ನಡ ನಾಟಕ ಮಂಡಳಿ ಇತ್ತು. ಮಾದಾಪುರದಲ್ಲಿ ಇಂಜಿನಿಯರ್ ಆಗಿದ್ದ ಗುರುಬಸವ ಅದರ ಯಜಮಾನ. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಒಂದು ದಿನ ಶಿವದೇವಿ ತಾಲೀಮಿನ ಕೋಣೆಗೆ ರೊಟ್ಟಿ ಗಂಟು ತಂದಳು. ಒಳಗೆ ಮಗನನ್ನು ಕಳೆದುಕೊಂಡ ತಾಯಿಯ ಪಾರ್ಟಿನವಳು ಗೋಳಾಡುತ್ತಿದ್ದಳು. ಶಿವದೇವಿ ಬಾಗಿಲಲ್ಲೇ ನಿಂತು, "ಯವ್ವಾ, ಮಗ ಸತ್ತಾಕಿ ಹಿಂಗ ಅಳ್ತಾಳೇನ? ನೀ ಬಸ್ ತಪ್ಪಿಸಿಕೊಂಡಾಕಿ ಅತ್ತಂಗ ಅಳಾಕತ್ತಿ" ಅಂದಳು.

"ಹಂಗಾರ ನೀನೇ ಅತ್ತು ತೋರಸವ್ವ" ಅಂದ ಗುರುಬಸವ, ನಗುತ್ತಾ.

ಅವಳು ಅಳಲೇ ಇಲ್ಲ. ಸುಮ್ಮನೆ ಕುಳಿತು, ಇಲ್ಲದ ಬೀಸುವ ಕಲ್ಲನ್ನು ತಿರುಗಿಸುತ್ತಾ ಮಗನ ಹೆಸರು ಹಿಡಿದು ಮೆಲ್ಲಗೆ ಕರೆದಳು. ನಮ್ಮ ನಗು ನಿಂತುಹೋಯಿತು. ಪಾರ್ಟು ಅವಳದಾಯಿತು.

ಆದರೆ ಭಯ ಆವತ್ತೇ ಶುರು. ಕೊನೆಯ ದೃಶ್ಯದಲ್ಲಿ ಆ ತಾಯಿ ಬೀಸುವ ಕಲ್ಲಿನಿಂದ ಎದ್ದು, ದೀಪ ಹಿಡಿದು, ರಂಗದ ಅಂಚಿನವರೆಗೂ ನಡೆದು ಬಂದು ಊರಿಗೆ ಪ್ರಶ್ನೆ ಕೇಳಬೇಕು. ಅಂಚು ಎಲ್ಲಿದೆ ಅಂತ ಅವಳಿಗೆ ತಿಳಿಯುವುದು ಹೇಗೆ? ಅಂಚಿಗೆ ಒಂದು ಮೊಳ ಈಚೆ, ಹಲಗೆಗೆ ಅಡ್ಡಲಾಗಿ ನಾರಿನ ಹಗ್ಗ ಬಡಿದೆವು. ಬರಿಗಾಲಿಗೆ ಹಗ್ಗ ಸಿಕ್ಕರೆ ನಿಲ್ಲುವುದು. ಅವಳು ಒಂದೇ ಒಂದು ಶರತ್ತು ಹಾಕಿದಳು. "ನಾ ಕುರುಡಿ ಅಂತ ಮೈಕಿನ್ಯಾಗ ಹೇಳಬ್ಯಾಡ್ರಿ. ಅಯ್ಯೋ ಪಾಪ ಅಂತ ಚಪ್ಪಾಳಿ ಬಡಿಯೂದು ನನಗ ಬ್ಯಾಡ."

ನಾಟಕದ ದಿನ ಅವಳ ಗೆಳೆಯರು ಅಂಧರ ಹಾಸ್ಟೆಲಿನಿಂದ ಬಂದರು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಗುರುಬಸವ ನನ್ನನ್ನೂ ಅವರ ನಡುವೆ ಕೂರಿಸಿದ. "ಕಾಕಾ, ಮ್ಯಾಲೆ ಯಾರು ಏನ್ ಮಾಡ್ತಾರ ಅಂತ ಇವರ ಕಿವ್ಯಾಗ ಹೇಳ್ರಿ. ಆದ್ರ ಇದ್ದದ್ದಷ್ಟ ಹೇಳ್ರಿ, ಹೋತದ ಕತಿ ಸೇರಸಬ್ಯಾಡ್ರಿ!"

ನನ್ನ ಪಕ್ಕ ಅವರಲ್ಲೊಬ್ಬ, ಕುರ್ಚಿಗೆ ಬೆತ್ತ ಹೆಣೆಯುವ ತಾಯಪ್ಪ, ಕೈಯಲ್ಲಿ ಕೋಲು. ನಮಗೂ ರಂಗಕ್ಕೂ ನಡುವೆ ದೀಪಗಳ ಕಬ್ಬಿಣದ ಸ್ಟ್ಯಾಂಡುಗಳು, ಈಟಿಯ ಹಾಗೆ ಚೂಪು.

ಮೊದಲು ಅತಿಥಿಗಳ ಭಾಷಣ, ಶಾಲು, ಹಾರ. ನಮ್ಮವರ ಮರ್ಯಾದೆ ನಿಮಗೆ ಗೊತ್ತಲ್ಲ, ಅತಿಥಿಯ ಕಾಲಿಗೆ ಬರಿ ಹಲಗೆ ತಾಗಬಾರದು. ಮಂಡಳಿಯ ಹುಡುಗರು ರಂಗದ ಮುಂಭಾಗಕ್ಕೆ ದಪ್ಪ ಕೆಂಪು ಜಮಖಾನೆ ಹಾಸಿದ್ದರು. ಒಂದು ಕುರಿಮಂದೆ ಅದರಲ್ಲಿ ಕಳೆದುಹೋಗಬಹುದಿತ್ತು, ಅಷ್ಟು ದಪ್ಪ. ಭಾಷಣ ಮುಗಿಯಿತು, ಕುರ್ಚಿಗಳು ಹೋದವು, ಪರದೆ ಬಿದ್ದು ಮತ್ತೆ ಎದ್ದಿತು. ಶಿವದೇವಿ ಹಿಂದೆ, ಬರಿ ಹಲಗೆಯ ಮೇಲೆ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಜಮಖಾನೆ ಅಲ್ಲೇ ಇತ್ತು. ಹಗ್ಗ ಅದರ ಕೆಳಗೆ.

ಎದ್ದು ಪಕ್ಕದ ಪರದೆಗೆ ಓಡಿದೆ.

"ಗುರುಬಸವಾ, ಜಮಖಾನಿ! ಹಗ್ಗ ಮುಚ್ಚೈತಿ!"

ಅವನು ಇಣುಕಿ ನೋಡಿದ. "ಅಂಚಿಗೆ ಮೊಳಿ ಬಡದಾರ ಕಾಕಾ. ಈಗ ಹ್ಯಾಂಗ ಕೀಳೂದು? ನಾಟಕ ನಿಲ್ಲಿಸಿದ್ರ ಎಲ್ಲಾರಿಗೂ ಗೊತ್ತಾಗ್ತೈತಿ. ಮತ್ತ ಅಕಿ ರಂಗ ಹತ್ತೂದಿಲ್ಲ."

"ಹತ್ತೂದು ಇರಲಿ, ಬೀಳ್ತಾಳಲ್ಲೋ!"

"ಅಂಚಿಗೆ ಬಂದ್ರ ನೀವು ಕೆಳಗಿಂದ ಕೂಗ್ರಿ" ಅಂದ.

ವಾಪಸ್ಸು ಬಂದು ಕುಳಿತೆ. ನಾಟಕದುದ್ದಕ್ಕೂ ಶಿವದೇವಿ ಕಲ್ಲು ಬಿಟ್ಟು ಏಳುವ ಹಾಗಿರಲಿಲ್ಲ, ಹೇಳಿ ಕಳಿಸಲು ದಾರಿಯೇ ಇರಲಿಲ್ಲ. ಜನ ಮೂಗು ಒರೆಸಿಕೊಳ್ಳುತ್ತಿದ್ದರು, ನಾನು ಬೆವರು. ಕೊನೆಗೂ ಅವಳು ಎದ್ದಳು. ದೀಪ ಹಿಡಿದಳು. ನಡೆದಳು. ಕಾಲು ಜಮಖಾನೆಗೆ ತಾಗಿದ್ದೇ ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಮತ್ತೆ ಮುಂದೆ ಬಂದಳು.

ಕೂಗಬೇಕೆಂದು ಬಾಯಿ ತೆರೆದೆ. ಅದೇ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ವಿಮಾನ! ಬೇಗಂಪೇಟೆಯ ರಂಗಕ್ಕೆ ಒಂದು ನಿಯಮವಿತ್ತು: ವಿಮಾನ ಇಳಿಯುವಾಗ ಮಾತು ನಿಲ್ಲಿಸು, ನಡೆ ನಿಲ್ಲಿಸಬೇಡ. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಅವಳು ಮಾತಿಲ್ಲದೆ ಬರುತ್ತಲೇ ಇದ್ದಳು, ಕಾಲಬೆರಳಲ್ಲಿ ಹಗ್ಗ ಹುಡುಕುತ್ತಾ.

ತಾಯಪ್ಪ ನನ್ನ ತೋಳು ಹಿಡಿದ. ಬಾಯನ್ನು ಕಿವಿಗೇ ಇಟ್ಟು ಕೇಳಿದ, "ಯಾಕ ನಡಗಾಕತ್ತೀರಿ ಯಜಮಾನ್ರ? ಏನಾತು?"

ನಾನು ಅವನ ಕಿವಿಗೆ ಬಾಯಿಟ್ಟು ಚೀರಿದೆ. "ಹಗ್ಗದ ಮ್ಯಾಲ ಜಮಖಾನಿ ಹಾಸ್ಯಾರ! ಅಕಿ ಅಂಚಿಗೆ ಬರಾಕತ್ತಾಳ!"

ಅವನು ಇನ್ನೊಂದು ಮಾತು ಕೇಳಲಿಲ್ಲ. ಮುಂದೆ ಬಾಗಿ, ಕೋಲು ಚಾಚಿ ತಡವಿ, ರಂಗದ ಹಲಗೆಗೆ ಬಾರಿಸಿದ. ಮತ್ತೆ ಬಾರಿಸಿದ. ಅವನ ಪಕ್ಕದವರು ಏನೆಂದು ಕೇಳದೆಯೇ ತಮ್ಮ ಕೋಲುಗಳನ್ನೂ ಚಾಚಿದರು. ಸದ್ದು ವಿಮಾನದ ಕೆಳಗೆ ಸತ್ತುಹೋಯಿತು. ಆದರೆ ಹಲಗೆ ಅದುರಿತು. ಜಮಖಾನೆ ಹಗ್ಗವನ್ನು ಮುಚ್ಚಬಲ್ಲದು, ಅದುರುವುದನ್ನು ಮುಚ್ಚಲಾರದು.

ಶಿವದೇವಿ ನಿಂತಳು. ಅವಳ ಹೆಬ್ಬೆರಳು ಅಂಚಿನಾಚೆ ಗಾಳಿಯಲ್ಲಿತ್ತು.

ವಿಮಾನ ಇಳಿಯಿತು. ಕೋಲುಗಳ ಬಡಿತ ಈಗ ಎಲ್ಲರಿಗೂ ಕೇಳಿತು. ಹೊಸ ಥರದ ಡೋಲು ಅಂದುಕೊಂಡರು ಜನ. ಅವಳು ದೀಪ ಎತ್ತಿ ಊರನ್ನು ಕೇಳಿದಳು, "ನನ್ನ ಮಗನ್ನ ಕಂಡವರು ಯಾರೂ ಇಲ್ಲೇನ್ರೋ?" ಚಪ್ಪಾಳೆ ಎಷ್ಟು ಬಿತ್ತೆಂದರೆ... ಬೇಡ, ಇಲ್ಲಿ ಏನೂ ಸೇರಿಸುವುದಿಲ್ಲ.

ಪರದೆ ಬಿದ್ದ ಮೇಲೆ ಒಳಗೆ ಹೋದೆವು. ನೆಲದ ಮೇಲೆ ಕುಳಿತಿದ್ದಳು. ಅಂಚಿನಾಚೆ ಹೋಗಿದ್ದ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಕಾಲಿಗೆ ಮೆತ್ತಗ ಹತ್ತಿದ ಕೂಡ್ಲೆ ಜಮಖಾನಿ ಅಂತ ತಿಳೀತ್ರಿ ಕಾಕಾ. ಹಿಂದ ಹೊಳ್ಳಿದ್ರ ಕುರುಡಿ ಅಂತ ಗೊತ್ತಾಗ್ತೈತಿ ಅಂತ ಮುಂದ ಬಂದೆ. ಬಡದವರು ಯಾರ್ರಿ?"

"ನಾನವ್ವ" ಅಂದ ತಾಯಪ್ಪ. "ಬಾಗಲಾ ಬಡದಂಗ ಹಲಗಿ ಬಡದೆ. ನೀ ನಿಂತಿ."

ಗುರುಬಸವ ಕಣ್ಣೊರೆಸಿಕೊಂಡು ಕ್ಷಮೆ ಕೇಳಲು ಹೋದ. ಅವಳು ತಡೆದಳು. "ತಮ್ಮಾ, ಮುಂದಿನ ಸಲ ಮೈಕಿನ್ಯಾಗ ಹೇಳು. ಶಿವದೇವಿಗೆ ಕಣ್ಣಿಲ್ಲ, ಆಕಿ ಹಗ್ಗದ ಮ್ಯಾಲ ಯಾರೂ ಏನೂ ಹಾಸಬ್ಯಾಡ್ರಿ ಅಂತ. ಅಯ್ಯೋ ಪಾಪ ಅನ್ನವರು ಅನ್ನಲಿ. ಮತ್ತ ಈ ಕೋಲಿನವರು ಮುಂದಿನ ಸಾಲಿನ್ಯಾಗ ಇರದಿದ್ರ ನಾ ರಂಗ ಹತ್ತೂದಿಲ್ಲ."

ಅಲ್ಲಿಂದ ಮುಂದೆ ಪ್ರತಿ ನಾಟಕದಲ್ಲೂ ಹಾಗೇ ನಡೆಯಿತು. ಒಮ್ಮೆ ಮಂತ್ರಿಯೊಬ್ಬರು ಮುಂದಿನ ಸಾಲೇ ಬೇಕೆಂದು ಹಟ ಹಿಡಿದಾಗ ತಾಯಪ್ಪ ಕೋಲೆತ್ತಿಕೊಂಡು ಏನು ಮಾಡಿದ ಗೊತ್ತೇ? ಅವನು ಮೆಲ್ಲಗೆ...

"ಏನ್ರೀ, ಸಾರು ಆರಾಕತ್ತೈತಿ! ಗ್ವಾಡಿಗೆ ಕತಿ ಹೇಳೂದು ಬಿಟ್ಟು ಉಣ್ಣಾಕ ಬರ್ರಿ!"

ನನ್ನ ಹೆಂಡತಿ ಗಂಗಾಬಾಯಿ ಕರೆಯುತ್ತಿದ್ದಾಳೆ. ಬಂದೆ ಕಣೇ, ಬಂದೆ.