ಕೊಸರಿಗೆ ಹೋದ ಭೀಮೇಶ

ಭೀಮೇಶನ ಆಟೋದ ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಒಂಬತ್ತು ಎಂದು ಬರೆದಿದೆ. ಗೋಕಾಕ-ಮೂಡಲಗಿ ರಸ್ತೆಯಲ್ಲಿ ಅದನ್ನು ನೋಡಿದವರು, ಇವನೂ ಬಾಸ್ಕೆಟ್‌ಬಾಲ್ ಆಟಗಾರ ಸೋಮಲಿಂಗನ ಅಭಿಮಾನಿ ಇರಬೇಕು ಎಂದುಕೊಳ್ಳುತ್ತಾರೆ. ಅದು ಅವನದೇ ನಂಬರು, ಒಂದು ಆಟದ ಕೊನೆಯ ಎಂಟು ಸೆಕೆಂಡಿನ ಮಟ್ಟಿಗೆ. ನನಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ಭೀಮೇಶ ಕೌಜಲಗಿಯ ಕೆಂಚವ್ವನ ಮಗ. ಹೈಸ್ಕೂಲಿನಲ್ಲಿ ಅವನಿಗೆ ಬಾಸ್ಕೆಟ್‌ಬಾಲ್ ಕಲಿಸಿದ ಪಿ.ಟಿ. ಮಾಸ್ತರ ನಾನೇ, ಪರಪ್ಪ. ಅವನ ಎತ್ತರ ಐದಡಿ ಆರಿಂಚು. ಆ ಆಟಕ್ಕೆ ಅದು ಎತ್ತರವೇ ಅಲ್ಲ. "ನಿನ್ನ ಕೈಲೆ ಆಗೂದಿಲ್ಲೋ, ಖೋ ಖೋ ಆಡ ಹೋಗ" ಎಂದು ಎಲ್ಲರ ಮುಂದೆ ಎಷ್ಟೋ ಸಲ ಅಂದಿದ್ದೆ. ಹುಡುಗ ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಒಬ್ಬನೇ ಗೆರೆಯ ಹಿಂದೆ ನಿಂತು ಫ್ರೀ ಥ್ರೋ ಹಾಕುತ್ತಿದ್ದ. ಅದಕ್ಕೆ ಎತ್ತರ ಬೇಕಿಲ್ಲ, ಯಾರೂ ಅಡ್ಡ ಬರುವುದಿಲ್ಲ, ಕೈ ಮಾತ್ರ ನಡುಗಬಾರದು.

ಮುಂದೆ ನಮ್ಮ ಕಡೆ ಲೀಗ್ ಶುರುವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ, ಹೀಗೆ ಮೂರು ತಂಡ. ಆಟಗಾರರಿಗೆ ಮಾಲಕರು ಪಗಾರ ಕೊಡುತ್ತಿದ್ದರು. ಭೀಮೇಶ ಗೋಕಾಕದ ಬೆಂಚಿನ ತುದಿಯಲ್ಲಿ ಕುಳಿತ. ನಾನು ಸ್ಕೋರ್ ಬರೆಯುವ ಮೇಜಿನಲ್ಲಿ ಕುಳಿತೆ.

ಎರಡನೇ ವರ್ಷ ಆ ದೊಡ್ಡ ಅದಲು ಬದಲು ಆಯಿತು. ಗೋಕಾಕದವರು ಆರೂವರೆ ಅಡಿಯ ಸೋಮಲಿಂಗನನ್ನು ಹುಕ್ಕೇರಿಗೆ ಕೊಟ್ಟು, ಅಲ್ಲಿಂದ ಗುರುಪಾದ, ದುರ್ಗಪ್ಪ ಇಬ್ಬರನ್ನೂ ತರುವುದೆಂದು ಮಾತಾಯಿತು. ಹುಕ್ಕೇರಿಯ ಮಾಲಕ ಕರೆಪ್ಪ ಮೆಣಸಿನಕಾಯಿ ವ್ಯಾಪಾರಿ. ಇಬ್ಬರನ್ನು ಕೊಟ್ಟು ಒಬ್ಬನನ್ನು ಒಯ್ಯಲು ಅವನ ಮನಸ್ಸು ಒಪ್ಪಲಿಲ್ಲ. "ತೂಕ ಸರಿ ಬರವಲ್ದರಿ. ಮ್ಯಾಲ ಒಂದೀಟ ಕೊಸರ ಹಾಕ್ರಿ" ಎಂದ, ಸಂತೆಯಲ್ಲಿ ತೂಗಿದ ಮೇಲೆ ಇನ್ನೊಂದು ಹಿಡಿ ಕೇಳುವ ಹಾಗೆಯೇ. ಗೋಕಾಕದ ಮಾಲಕ ಬೆಂಚಿನ ಕಡೆ ಕಣ್ಣು ಹಾಯಿಸಿ, "ಆ ಭೀಮ್ಯಾನ್ನ ಒಯ್ರಿ" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆವತ್ತಿನಿಂದ ಅವನ ಹೆಸರು ಕೊಸರು ಎಂದೇ ಆಯಿತು.

ಹುಕ್ಕೇರಿಯವರು ಅವನ ಅಂಗಿಗೆ ನಂಬರನ್ನೂ ಹಾಕಿಸಲಿಲ್ಲ. ಆಡಿಸುವುದೇ ಇಲ್ಲ ಎಂದ ಮೇಲೆ ನಂಬರು ಯಾಕೆ?

ಆ ವರ್ಷದ ಫೈನಲ್ ಗೋಕಾಕ ಮತ್ತು ಹುಕ್ಕೇರಿ ನಡುವೆ ನಡೆಯಿತು. ಮೇ ತಿಂಗಳು. ಆಟ ಮುಗಿಯಲು ಎಂಟು ಸೆಕೆಂಡು ಉಳಿದಾಗ ಗೋಕಾಕ ಅರವತ್ತೊಂದು, ಹುಕ್ಕೇರಿ ಅರವತ್ತು. ಅಷ್ಟರಲ್ಲಿ ದಪ್ಪ ಹನಿಯ ಮಳೆ ಬಂತು. ಜನರೆಲ್ಲ ಕುರ್ಚಿ ತಲೆಯ ಮೇಲಿಟ್ಟುಕೊಂಡು ಓಡಿದರು, ಮುಂದಿನದನ್ನು ಊರಿನವರು ಯಾರೂ ನೋಡಲಿಲ್ಲ. ದುರ್ಗಪ್ಪ ತಳ್ಳಿದ ರಭಸಕ್ಕೆ ಸೋಮಲಿಂಗ ಒದ್ದೆ ನೆಲದಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಹುಕ್ಕೇರಿಗೆ ಎರಡು ಫ್ರೀ ಥ್ರೋ ಸಿಕ್ಕವು. ಬಿದ್ದವನ ಬದಲು ಒಳಗೆ ಬಂದವನೇ ಅವನ್ನು ಹಾಕಬೇಕು, ಅದು ನಿಯಮ. ಬೆಂಚಿನಲ್ಲಿ ಉಳಿದಿದ್ದವನು ಭೀಮೇಶ ಒಬ್ಬನೇ. ನಂಬರಿಲ್ಲದ ಅಂಗಿ ನಡೆಯುವುದಿಲ್ಲ ಎಂದು ತೀರ್ಪು ಕೊಡುವ ಪಂಚರು ತಕರಾರು ಮಾಡಿದಾಗ, ಸೋಮಲಿಂಗ ತನ್ನ ಒಂಬತ್ತು ನಂಬರಿನ ಅಂಗಿ ಕಳಚಿ ಅವನ ಮೇಲೆ ಎಸೆದ. ಅದು ಭೀಮೇಶನ ತೊಡೆಯವರೆಗೆ ಇಳಿಬಿದ್ದಿತು. ಆ ಮಳೆಯಲ್ಲಿ ಅವನು ಎರಡೂ ಚೆಂಡನ್ನು ಬುಟ್ಟಿಗೆ ಹಾಕಿದ. ಹುಕ್ಕೇರಿ ಒಂದು ಪಾಯಿಂಟಿನಿಂದ ಕಪ್ ಗೆದ್ದಿತು.

ನಾನು ಕೊಡೆಯ ಕೆಳಗೆ, ಅಭ್ಯಾಸಬಲದಿಂದ, ಸ್ಕೋರ್ ಪುಸ್ತಕದಲ್ಲಿ ಒಂಬತ್ತು ಎಂದರೆ ಸೋಮಲಿಂಗ ಎಂದು ಬರೆದೆ. ಬರೆದ ಕ್ಷಣವೇ ತಪ್ಪು ತಿಳಿಯಿತು. ಆಮೇಲೆ ತಿದ್ದಿದರಾಯಿತು ಎಂದುಕೊಂಡೆ. ತಿದ್ದಲಿಲ್ಲ.

ಮರುವರ್ಷ ಲೀಗ್ ನಿಂತಿತು, ಸೋಮಲಿಂಗ ಪುಣೆಗೆ ಹೋದ. ಆದರೆ ಆ ಅದಲು ಬದಲಿನಲ್ಲಿ ಗೆದ್ದವರು ಯಾರು ಎಂಬ ವಾದ ಗೋಕಾಕ ಬಸ್ ನಿಲ್ದಾಣದ ಎದುರು ಮಲ್ಲೇಶನ ಚಾದಂಗಡಿಯಲ್ಲಿ ಆರು ವರ್ಷವಾದರೂ ನಿಂತಿಲ್ಲ. ಗುರುಪಾದ ಹಾಕಿದ ಬುಟ್ಟಿಗಳೆಷ್ಟು ಎಂದು ಒಬ್ಬ ಕೂಗುತ್ತಾನೆ. ಕಪ್ ಯಾರ ಮನೆಯಲ್ಲಿದೆ ಎಂದು ಇನ್ನೊಬ್ಬ ಕೇಳುತ್ತಾನೆ. ಗಂಟಲು ಹರಿದ ಮೇಲೆ ಎಲ್ಲರೂ, "ಮಾಸ್ತರ್ರ, ಪುಸ್ತಕ ತಗೀರಿ" ಎನ್ನುತ್ತಾರೆ. ನಿವೃತ್ತನಾದ ನನ್ನನ್ನು ಈ ಊರಿನಲ್ಲಿ ಬೇರೆ ಯಾವುದಕ್ಕೂ ಯಾರೂ ಕೇಳುವುದಿಲ್ಲ. ನಾನು ಚೀಲದಿಂದ ಪುಸ್ತಕ ತೆಗೆಯುವಾಗ ಎಲ್ಲರೂ ಸುಮ್ಮನಾಗುತ್ತಾರೆ. ಆ ಸುಮ್ಮನಾಗುವಿಕೆ ನನಗೆ ಚಹಾಕ್ಕಿಂತ ರುಚಿ.

ಕಳೆದ ತಿಂಗಳು ಭೀಮೇಶ ನನ್ನ ಮನೆಗೆ ಬಂದ. ಮದುವೆಯಾಗಿ ಮೂರು ವರ್ಷ. ಹೆಂಡತಿ ದಾನೇಶ್ವರಿ ದಡ್ಡಿ ಎಂಬ ಊರಿನವಳು. ಅವಳ ತವರಿನಲ್ಲಿ ಯಾರೋ "ಕೊಸರಪ್ಪನ ಹೇಣ್ತಿ ಬಂದ್ಲು" ಎಂದಿದ್ದರಂತೆ. ಅವಳು ಅತ್ತುಕೊಂಡು ಬಂದಿದ್ದಳು.

"ಮಾಸ್ತರ್ರ, ನಾ ಬ್ಯಾರೆ ಏನೂ ಕೇಳಾಕ ಬಂದಿಲ್ರಿ. ಆ ಎರಡ ಪಾಯಿಂಟ ನನ್ನೂವು ಅಂತ ಮಂದ್ಯಾಗ ಒಂದ ಸಲ ಹೇಳ್ರಿ. ಅಕಿ ಕೇಳಬೇಕ್ರಿ, ಅಷ್ಟ."

"ಆತು, ಗುರುವಾರ ಕರಕೊಂಡ ಬಾ" ಎಂದೆ. ಹೇಳಬೇಕೆಂದೇ ಇದ್ದೆ.

ಗುರುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ. ಅಂಗಡಿಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಭೀಮೇಶ ಎದ್ದು ನಿಂತು, "ಫೈನಲ್ ಗೆಲ್ಲಿಸಿದಾಂವ ನಾನು. ಮಾಸ್ತರ್ನ ಕೇಳ್ರಿ" ಎಂದ. ಮಲ್ಲೇಶ ಸೋಸುತ್ತಿದ್ದ ಚಹಾ ಬಿಟ್ಟು ನಕ್ಕ. "ಏ ಕೊಸರ, ಹಗಲ ಹೊತ್ತಿನಾಗ ಏರಿಸಿ ಏನ? ಹಂಗಾರ ಆರ ವರ್ಷ ಮಾಸ್ತರ್ರ ಸುಳ್ಳ ಪುಸ್ತಕ ಓದ್ಯಾರೇನ?"

ಎಲ್ಲರೂ ನನ್ನ ಕಡೆ ತಿರುಗಿದರು. ದಾನೇಶ್ವರಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. "ಖರೇ ಹೇಳ್ರಿ ಮಾಸ್ತರ್ರ. ಇವ್ರೇನ್ರಿ?"

ಹೌದು ಎಂದರೆ ಸಾಕಿತ್ತು. ಆದರೆ ನಾಳೆಯಿಂದ ನನ್ನ ಪುಸ್ತಕವನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ನಾನು ಪುಸ್ತಕ ತೆರೆದು, ಕನ್ನಡಕ ಏರಿಸಿ, ಆ ಸಾಲಿನ ಮೇಲೆ ಬೆರಳಿಟ್ಟೆ.

"ಇಲ್ಲಿ ಸೋಮಲಿಂಗ ಅಂತ ಐತೆವಾ" ಎಂದೆ.

ಅಂಗಡಿಯೆಲ್ಲ ಗೊಳ್ಳೆಂದಿತು. ಭೀಮೇಶ ನನ್ನನ್ನೇ ನೋಡಿದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದಾನೇಶ್ವರಿ ಗಂಡನ ತೋಳು ಹಿಡಿದು ಮೆಲ್ಲಗೆ, "ನಡೀರಿ. ಮೂರ ವರ್ಷ ನಂಬಿದ್ನೆಲ್ರಿ ನಾನು" ಎಂದಳು.

ಒಂಬತ್ತು ನಂಬರಿನ ಆಟೋ ತಿರುಗಿ ಹೋಯಿತು. ಮಲ್ಲೇಶ ನನಗೆ ಇನ್ನೊಂದು ಚಹಾ ಕೊಟ್ಟು, ಹಾಗಾದರೆ ಗೆದ್ದವರು ಯಾರು ಎಂದು ಕೇಳಿದ. ಹುಕ್ಕೇರಿಯವರು ಎಂದೆ. ಸೋಮಲಿಂಗನ ಆ ಎರಡು ಪಾಯಿಂಟುಗಳಿಂದ ಎಂದೂ ಸೇರಿಸಿದೆ.