ಆಡುವವರ ಜಾಗದಲ್ಲಿ ಮಲಗಿ ನೋಡಿದ ಕ್ಲೆಮ್ ಟ್ರೆಗಿಲ್ಗಸ್

ಒಂದಾನೊಂದು ಕಾಲದಲ್ಲಿ, ಮಳೆ ದಾರಿ ತಪ್ಪಿ ಮಾತ್ರ ಬರುತ್ತಿದ್ದ, ನೆಲದಡಿಯ ಬೆಳ್ಳಿ ಸೀಸ ಅಗೆದು ಉಣ್ಣುತ್ತಿದ್ದ ಊರೊಂದಿತ್ತಂತೆ. ಆ ಊರಿನಲ್ಲಿ ಒಂದು ಯಂತ್ರದ ಕೈ ಕಿತ್ತು ಇನ್ನೊಂದಕ್ಕೆ ಕೂಡಿಸಬಲ್ಲ ಒಬ್ಬನಿದ್ದನಂತೆ. ಅಜ್ಜಿಯ ಕಥೆಯಾಗಿದ್ದರೆ ಅವನಿಗೆ ಹೆಸರು ಬೇಕಿರಲಿಲ್ಲ. ಆದರೆ ಆ ಊರು ಆಸ್ಟ್ರೇಲಿಯಾದ ಬ್ರೋಕನ್ ಹಿಲ್. ಅವರು, ಆರ್ಜೆಂಟ್ ಬೀದಿಯ ವಿಡಿಯೊ ಆಟದಂಗಡಿಯಲ್ಲಿ ನಲವತ್ತೊಂದು ವರ್ಷ ದುಡಿದು ಈ ಮಾರ್ಚಿನಲ್ಲಿ ನಿವೃತ್ತರಾಗುತ್ತಿರುವ ಶ್ರೀ ಕ್ಲೆಮ್ ಟ್ರೆಗಿಲ್ಗಸ್.

ಅಡಿಲೇಡಿನಿಂದ ಲಾರಿಯಲ್ಲಿ ಬರುತ್ತಿದ್ದ ಹಳೆಯ ಆಟದ ಪೆಟ್ಟಿಗೆಗಳು ಅರ್ಧಕ್ಕರ್ಧ ಆಡಿಸುವ ಕೈ ಕಳೆದುಕೊಂಡೇ ಇಳಿಯುತ್ತಿದ್ದವು. ಎಂಟು ದಿಕ್ಕಿಗೆ ವಾಲುವ ಜಾಯ್‌ಸ್ಟಿಕ್ಕಿನ ಬುಡಕ್ಕೆ ತಗಡು ಕೊರೆದಿಟ್ಟು ನಾಲ್ಕೇ ದಿಕ್ಕಿನ ಆಟಕ್ಕೆ ಪಳಗಿಸಿದವರು, ಕೆಂಧೂಳು ತಿಂದು ಸಿಕ್ಕಿಕೊಂಡ, ಅಂಗೈಯಿಂದ ಉರುಳಿಸುವ ಟ್ರ್ಯಾಕ್‌ಬಾಲುಗಳನ್ನು ಕಿತ್ತು ಅವುಗಳ ಜಾಗದಲ್ಲಿ ಸ್ಟಿಕ್ಕು ನಿಲ್ಲಿಸಿದವರು, ಸಿಡ್ನಿಯವರು ಗುಜರಿಗೆ ಹಾಕೆಂದ ಯಂತ್ರವನ್ನು ಇನ್ನೂ ಹತ್ತು ವರ್ಷ ಆಡಿಸಿದವರು ಅವರು. ಕೆಲಸ ಕಲಿಯಲು ಹೋದ ನಮ್ಮಂಥವರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ ಮಾತ್ರ ವಿಚಿತ್ರವಾಗಿತ್ತು. ಹೊಂದಿಸಿದ ಯಂತ್ರವನ್ನು ನಿಂತು ಪರೀಕ್ಷಿಸಕೂಡದು. ಆಡುವುದು ಮಗುವಾದರೆ ಮಂಡಿಯೂರಬೇಕು, ಗಾಲಿಕುರ್ಚಿಯವರಾದರೆ ಗಾಲಿಕುರ್ಚಿಯಲ್ಲಿ ಕೂರಬೇಕು. ಏಕೆಂದು ಕೇಳಿದರೆ "ಕೂತ್ಕೊ ಸುಮ್ನೆ" ಎನ್ನುತ್ತಿದ್ದರು. ಕಾರಣವನ್ನು ಈ ಅಭಿನಂದನ ಸಂಪುಟಕ್ಕಾಗಿ ಹೇಳಿದವರು ನೆವೆಂಕಾ ಮರುಷಿಚ್.

ನೆವೆಂಕಾ ಅವರ ತಮ್ಮ ಸ್ಟೀಪೆ, ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು, ಪ್ರತಿ ಶುಕ್ರವಾರ ಸಂಜೆ ಕ್ಲೆಮ್ ಅವರ ಅಂಗಡಿಯ ಮೂಲೆಯ ಯಂತ್ರದ ಮುಂದೆ ನಿಲ್ಲುತ್ತಿದ್ದ. ಆಕಾಶದಿಂದ ಬೆಂಕಿ ಬೀಳುತ್ತದೆ, ಕೆಳಗಿನ ಆರು ಊರು ಕಾಯಬೇಕು: ಅಷ್ಟೇ ಆಟ. ಅದರಲ್ಲಿ ಗೆಲುವೆಂಬುದಿಲ್ಲ. ಎಂಥ ಜಾಣ ಆಡಿದರೂ ಕೊನೆಗೆ ಆರೂ ಊರು ಉರಿಯುತ್ತವೆ. ಎಷ್ಟು ಹೊತ್ತು ಕಾಯ್ದ ಎಂಬುದರಲ್ಲಿ ಮಾತ್ರ ಆಟಗಾರನ ಹಿರಿಮೆ. ೧೯೮೫ರಲ್ಲಿ, ಅವನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಗಣಿಯ ಚಾವಣಿ ಅವನ ಮೇಲೆ ಕುಸಿಯಿತು. ಕುತ್ತಿಗೆಯ ಕೆಳಗೆ ಸ್ವಾಧೀನವೇನೂ ಉಳಿಯಲಿಲ್ಲ.

"ಆ ಆಟ ನಿನ್ನ ಕೈಲಿ ಮತ್ತೆ ಆಡಿಸ್ತೀನಿ" ಎಂದರು ಆಸ್ಪತ್ರೆಗೆ ಹೋದ ಕ್ಲೆಮ್.

"ಕೈ ಎಲ್ಲಿದೆಯೋ ಪೆದ್ದ?"

"ಹಂಗಾದ್ರೆ ಗದ್ದದಲ್ಲಿ."

ಬಾಯಿ ತಪ್ಪಿ ಬಂದ ಆ ಮಾತು ಎರಡು ವರ್ಷ ಅವರ ಬೆನ್ನು ಬಿಡಲಿಲ್ಲ. ಗುಂಡು ಉರುಳಿಸಿ ಆಡಲೆಂದೇ ಹುಟ್ಟಿದ್ದ ಆ ಯಂತ್ರಕ್ಕೆ ಧೂಳಿನ ದೆಸೆಯಿಂದ ತಾವೇ ಹಾಕಿದ್ದ ಸ್ಟಿಕ್ಕನ್ನು ತಾವೇ ಕಿತ್ತರು. ಬೌಲಿಂಗ್ ಆಟದ ಟ್ರ್ಯಾಕ್‌ಬಾಲು ತಂದು ನೋಡಿದರೆ ಅಂಗೈಗೆ ಹಗುರವಾದ ಆ ಗುಂಡು ಗದ್ದಕ್ಕೆ ಬೆಟ್ಟ. ಕೊನೆಗೆ ನಿಂಬೆಹಣ್ಣಿನಷ್ಟು ಸಣ್ಣ ಟೊಳ್ಳು ಗುಂಡೊಂದನ್ನು ಹೊಂದಿಸಿ, ೧೯೮೭ರ ಫೆಬ್ರವರಿಯಲ್ಲಿ, ಅಂಗಡಿಯಲ್ಲಿ ಯಂತ್ರದ ಮುಂದೆ ಕುಳಿತು ತಮ್ಮ ಗದ್ದದಿಂದಲೇ ಆಡಿ ನೋಡಿದರು. ಬೆಣ್ಣೆಯ ಹಾಗೆ ಉರುಳಿತು. ಪೆಟ್ಟಿಗೆ ಮರುಷಿಚ್ ಮನೆಗೆ ಹೋಯಿತು.

ಆ ಮನೆಯಲ್ಲಿ ಸ್ಟೀಪೆ ಗೋಡೆಗೆ ಕಾಲು, ಅಡುಗೆಮನೆಗೆ ತಲೆ ಮಾಡಿ ಅಂಗಾತ ಮಲಗಿರುತ್ತಿದ್ದ. ಮುಖದ ಮೇಲೆ ಓರೆಯಾಗಿ ತೂಗುಹಾಕಿದ ಕನ್ನಡಿಯಲ್ಲಿ ಒಲೆ, ಬಾಗಿಲು, ಅಕ್ಕ ಎಲ್ಲ ಕಾಣುತ್ತಿದ್ದವು. ಎರಡು ವರ್ಷದಲ್ಲಿ ಆ ಕನ್ನಡಿ ಇದೆಯೆಂಬುದನ್ನೇ ಮನೆಮಂದಿ ಮರೆತಿದ್ದರು. ಪೆಟ್ಟಿಗೆಯನ್ನೂ ಅವನ ತಲೆಯ ಹಿಂದೆಯೇ ನಿಲ್ಲಿಸಿ, ಗುಂಡನ್ನು ಉದ್ದ ತಂತಿಯಲ್ಲಿ ತಂದು ಅವನ ಗದ್ದದ ಬಳಿ ಕೂರಿಸಿದರು.

ನಿಮಿಷದೊಳಗೆ ಆರೂ ಊರು ಉರಿದವು. ಮರುದಿನವೂ ಅಷ್ಟೇ. ಕ್ಲೆಮ್ ಗುಂಡು ಬದಲಿಸಿದರು, ಬೇರಿಂಗ್ ಬದಲಿಸಿದರು, ಮೂರು ಸಲ ಬಂದುಹೋದರು. ಏಪ್ರಿಲ್‌ನಲ್ಲಿ ನೆವೆಂಕಾ ಅವರನ್ನು ಬಾಗಿಲಲ್ಲೇ ತಡೆದರು.

"ತಗೊಂಡು ಹೋಗ್ಬಿಡಿ ಕ್ಲೆಮ್. ಕತ್ತು ಹೋದಾಗ ತಲೆನೂ ಹೋಗಿದೆ, ನಾನೇ ಕೆಟ್ಟೋಗಿದೀನಿ ಅಂತಾನೆ. ನಿನ್ನೆಯಿಂದ ಗುಟುಕು ನೀರೂ ಕುಡಿದಿಲ್ಲ."

ಅವನ ಶ್ವಾಸಕೋಶ ಜೂನಿಗೆ ಶುರುವಾಗುವ ಚಳಿಗಾಲ ದಾಟದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಕ್ಲೆಮ್ ತಲೆಯಾಡಿಸಿ ಒಳಗೆ ಹೋದರು. ಪೆಟ್ಟಿಗೆಯ ಹಿಂಬಾಗಿಲು ಬಿಚ್ಚಿ, ಸಾಗಿಸುವ ಮುನ್ನ ಗುಂಡಿನ ತಂತಿಗಳನ್ನು ಕಳಚಲೆಂದು ಮುಂಬದಿಯ ತಿರುಪಿಗೆ ಕೈಹಾಕಿದರು. ಸ್ಟೀಪೆ ಕನ್ನಡಿಯಲ್ಲಿ ನೋಡುತ್ತಿದ್ದ.

"ಯಾವಾಗಿಂದ ಎಡಚ ಆದ್ಯೋ ನೀನು?" ಎಂದ. "ಅದಕ್ಕೇ ನೋಡು ನಿನ್ನ ಕೆಲಸ ಎಲ್ಲ ಹಿಂಗೆ."

ಕ್ಲೆಮ್ ತಮ್ಮ ಕೈ ನೋಡಿಕೊಂಡರು. ಸ್ಕ್ರೂಡ್ರೈವರ್ ಬಲಗೈಯಲ್ಲಿತ್ತು.

ನೆಲಕ್ಕೆ ಇಳಿದರು. ಮಂಚದ ಪಕ್ಕ, ಸ್ಟೀಪೆಯ ಹಾಗೆಯೇ ಗೋಡೆಗೆ ಕಾಲು ಮಾಡಿ ಅಂಗಾತ ಮಲಗಿ, ಕ್ಷೌರದ ಕನ್ನಡಿ ಕೇಳಿ ಇಸಿದುಕೊಂಡು ಮುಖದ ಮೇಲೆ ಹಿಡಿದರು. ಕನ್ನಡಿಯೊಳಗಿನ ಪರದೆಯಲ್ಲಿ ಅಂಕಿಗಳು ಮಗ್ಗುಲು ಬದಲಿಸಿದ್ದವು. ಎಡದ ಊರು ಬಲಕ್ಕಿತ್ತು. ಎರಡು ತಿಂಗಳು ಆ ಹುಡುಗ ಬೆಂಕಿಯ ಕಡೆಗೆ ಗದ್ದ ತಿರುಗಿಸಿದಾಗಲೆಲ್ಲ ಗುರಿ ಆಚೆಗೇ ಓಡಿತ್ತು.

"ನೀನು ಕೆಟ್ಟಿಲ್ಲ ಕಣೋ" ಎಂದರು ನೆಲದಿಂದಲೇ. "ಕೆಟ್ಟೋನು ನಾನು. ಎದುರಿಗೆ ಕೂತು ನೋಡಿಬಿಟ್ಟೆ."

ಮುಂದಿನದನ್ನು ಹೇಳುವ ಮುನ್ನ ಹಾರೈಕೆ ಮುಗಿಸಿಬಿಡುವುದು ಲೇಸು. ಕೊಟ್ಟ ಮಾತು ನಡೆದ ಮೇಲೆ ಕಥೆ ಒಂದು ಹೆಜ್ಜೆಯನ್ನೂ ಇಡಕೂಡದೆಂಬುದು ಅಜ್ಜಿಯರ ಕಟ್ಟಳೆ. ಸ್ಟೀಪೆ ಆ ಜುಲೈ ದಾಟಲಿಲ್ಲ. ಕ್ಲೆಮ್ ಆ ಯಂತ್ರವನ್ನು ಇಂದಿಗೂ ಬಾಡಿಗೆಗೆ ಬಿಟ್ಟಿಲ್ಲ. ಅವರ ಕಣ್ಣು ಸಣ್ಣ ತಿರುಪನ್ನು ಇನ್ನೂ ಬಹುಕಾಲ ಕಾಣುತ್ತಿರಲಿ. ಅವರ ಬೆನ್ನು, ಬೇರೆಯವರ ನೆಲದ ಮೇಲೆ ಒರಗಿ ಮತ್ತೆ ಏಳುವಷ್ಟು ಗಟ್ಟಿಯಾಗಿರಲಿ. ಅಂಗಡಿಯ ಕೆಲಸ ತೀರಿದರೂ ಅವರ ಮನೆಯ ಶೆಡ್ಡಿನ ಬಾಗಿಲು ನಮಗೆ ತೆರೆದೇ ಇರಲಿ.

ಎಡ ಬಲ ಹೇಳುವ ತಂತಿಗಳು ಎರಡೇ. ಆ ಏಪ್ರಿಲ್ ದಿನ ಕ್ಲೆಮ್ ಅವುಗಳನ್ನು ಕಿತ್ತು, ಒಂದರ ಜಾಗದಲ್ಲಿ ಇನ್ನೊಂದನ್ನು ಬೆಸೆದರು. ಸ್ಟೀಪೆಯ ಗದ್ದ ಗುಂಡಿಗೆ ತಾಗಿತು. ಐದು ಊರು ಬೇಗನೇ ಹೋದವು. ಆರನೆಯದು ಉಳಿಯಿತು; ಒಲೆಯ ಮೇಲಿನ ಎಲೆಕೋಸಿನ ಸುರುಳಿಗಳು ತಳ ಹಿಡಿದು ಸೀದ ವಾಸನೆ ಬಂದರೂ ಉಳಿದೇ ಇತ್ತು. ನೆವೆಂಕಾ ಒಲೆಯ ಕಡೆ ತಿರುಗಲಿಲ್ಲ. ಆಮೇಲೆ ಅದೂ ಉರಿಯಿತು.

"ಈ ಸಲ ಸೋತಿದ್ದು ನಾನು" ಎಂದ ಸ್ಟೀಪೆ, ಏದುಸಿರು ಬಿಡುತ್ತ. "ಅಕ್ಕಾ, ನೀರು ಕೊಡೇ."

ಕ್ಲೆಮ್ ಪೆಟ್ಟಿಗೆಯ ಹಿಂಬಾಗಿಲು ಮುಚ್ಚಿ, ನಾಲ್ಕೂ ತಿರುಪು ಬಿಗಿದರು.